ಎದೆಗೆ ಶಸ್ತ್ರಚಿಕಿತ್ಸೆ, ಮೂತ್ರಪಿಂಡಕ್ಕೆ ಕಾವಲು



ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿ ತೀವ್ರ ನಿಗಾ ಘಟಕಕ್ಕೆ ತಂದ ರೋಗಿಯ ಬಳಿ ಒಮ್ಮೆ ನಿಂತು ನೋಡಿ. ಮಂಚದ ಪಕ್ಕ ತೂಗುವ ಮೂತ್ರದ ಚೀಲವನ್ನು ದಾದಿಯರು ಗಂಟೆಗೊಮ್ಮೆ ಬಾಗಿ ನೋಡಿ ಅಳತೆ ಬರೆದುಕೊಳ್ಳುತ್ತಾರೆ. ಕೊಯ್ದದ್ದು ಎದೆಯನ್ನು, ಕಣ್ಣಿಟ್ಟದ್ದು ಮೂತ್ರದ ಮೇಲೆ! ಹೀಗೇಕೆ?

ವಿಶ್ರಾಂತಿಯಲ್ಲಿರುವಾಗ ನಮ್ಮ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಅದರಲ್ಲಿ ಐದನೆಯ ಒಂದು ಪಾಲು, ಅಂದರೆ ಸುಮಾರು ಒಂದು ಲೀಟರ್, ಎರಡು ಪುಟ್ಟ ಮೂತ್ರಪಿಂಡಗಳಿಗೇ ಹೋಗುತ್ತದೆ. ಆದ್ದರಿಂದ ಹೃದಯ ಸೋತಾಗ ಬೇಗನೆ ತೊಂದರೆಗೆ ಸಿಲುಕುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದು.

1953ರ ಮೇ 6ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಾ. ಜಾನ್ ಗಿಬ್ಬನ್ 18 ವರ್ಷದ ಯುವತಿಯೊಬ್ಬಳ ಹೃದಯದ ರಂಧ್ರವನ್ನು ಮುಚ್ಚಿದರು. ಆಗ 26 ನಿಮಿಷಗಳ ಕಾಲ ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರವೊಂದು ಪೂರ್ತಿಯಾಗಿ ವಹಿಸಿಕೊಂಡಿತ್ತು. ತೆರೆದ ಹೃದಯದ ಶಸ್ತ್ರಚಿಕಿತ್ಸೆಗೆ ದಾರಿ ತೆರೆಯಿತು. ಆದರೆ ಈ ಉಪಕಾರಕ್ಕೆ ಬೆಲೆಯೂ ಇತ್ತು. ಯಂತ್ರದ ಕೊಳವೆಗಳಲ್ಲಿ ಹರಿಯುವಾಗ ಕೆಲವು ಕೆಂಪು ರಕ್ತಕಣಗಳು ಒಡೆಯುತ್ತವೆ, ಕೃತಕ ವಸ್ತುಗಳನ್ನು ಸೋಕಿದ ರಕ್ತ ದೇಹದಲ್ಲಿ ಉರಿಯೂತವನ್ನು ಕೆರಳಿಸುತ್ತದೆ, ರಕ್ತದೊತ್ತಡ ಏರುಪೇರಾಗುತ್ತದೆ. ಇವೆಲ್ಲದರ ಪೆಟ್ಟು ಮೂತ್ರಪಿಂಡಕ್ಕೆ.

ಹಾಗಾದರೆ ರಕ್ಷಣೆ ಹೇಗೆ? 1964ರಲ್ಲಿ ಅಮೆರಿಕದ ವಿಜ್ಞಾನಿಗಳು, ಡೋಪಮೈನ್ ಎಂಬ ರಾಸಾಯನಿಕವನ್ನು ನೀಡಿದಾಗ ಮನುಷ್ಯರ ಮೂತ್ರಪಿಂಡದಲ್ಲಿ ರಕ್ತದ ಹರಿವೂ ಸೋಡಿಯಂ ವಿಸರ್ಜನೆಯೂ ಹೆಚ್ಚುವುದನ್ನು ವರದಿ ಮಾಡಿದರು. ಮೂತ್ರ ಚೆನ್ನಾಗಿ ಹರಿದರೆ ಮೂತ್ರಪಿಂಡ ಕ್ಷೇಮ ಎಂದು ಯಾರಿಗಾದರೂ ತೋಚುವುದಿಲ್ಲವೇ? ದಶಕಗಳ ಕಾಲ ಹಲವು ದೇಶಗಳ ವೈದ್ಯರು ಇದೇ ನಂಬಿಕೆಯಿಂದ ಅಲ್ಪ ಪ್ರಮಾಣದ ಡೋಪಮೈನ್ ಕೊಡುತ್ತಾ ಬಂದರು. ಅದಕ್ಕೆ 'ಮೂತ್ರಪಿಂಡದ ಡೋಸ್' ಎಂಬ ಹೆಸರೇ ಬಿತ್ತು.

ಆ ನಂಬಿಕೆ 2000ದಲ್ಲಿ ಒರೆಗಲ್ಲಿಗೆ ಬಂತು. ವಿಯೆನ್ನಾದಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ 126 ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ಡೋಪಮೈನ್, ಇನ್ನೊಂದಕ್ಕೆ ಮೂತ್ರ ಹೆಚ್ಚಿಸುವ ಫ್ಯುರೋಸೆಮೈಡ್, ಮತ್ತೊಂದಕ್ಕೆ ಬರೀ ಉಪ್ಪುನೀರಿನ ದ್ರಾವಣ. ಡೋಪಮೈನ್‌ನಿಂದ ಉಪ್ಪುನೀರಿಗಿಂತ ಹೆಚ್ಚಿನ ರಕ್ಷಣೆ ದೊರೆಯಲಿಲ್ಲ. ಫ್ಯುರೋಸೆಮೈಡ್ ಪಡೆದವರ ಮೂತ್ರಪಿಂಡಗಳಿಗೆ ಹಾನಿಯೇ ಹೆಚ್ಚಾಗಿತ್ತು! ಅದೇ ವರ್ಷ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಹಾಂಗ್‌ಕಾಂಗ್‌ನ ತೀವ್ರ ನಿಗಾ ಘಟಕಗಳಲ್ಲಿದ್ದ 328 ರೋಗಿಗಳ ಅಧ್ಯಯನವೂ ಡೋಪಮೈನ್ ಮೂತ್ರಪಿಂಡವನ್ನು ಕಾಯುವುದಿಲ್ಲವೆಂದು ತೋರಿಸಿತು.

ಮೂತ್ರ ಕಡಿಮೆಯಾಗುವುದು ಅಪಾಯದ ಗಂಟೆ, ನಿಜ. ಆದರೆ ಗಂಟೆಯ ಸದ್ದಡಗಿಸಿದ ಮಾತ್ರಕ್ಕೆ ಬೆಂಕಿ ಆರುವುದೇ?

ವೈದ್ಯರು ಮತ್ತೆ ಮೂಲಕ್ಕೆ ಮರಳಿದರು. ರಕ್ತದೊತ್ತಡವನ್ನೂ ಹೃದಯದ ಹರಿವನ್ನೂ ಕಾಯುವುದು, ದೇಹದ ದ್ರವ ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ನೋಡುವುದು, ಸಕ್ಕರೆಯ ಅಂಶ ಏರದಂತೆ ತಡೆಯುವುದು, ಮೂತ್ರಪಿಂಡಕ್ಕೆ ವಿಷವಾಗುವ ಔಷಧಗಳನ್ನು ದೂರವಿಡುವುದು. ಎಲ್ಲವೂ ಸಾಮಾನ್ಯ ಕ್ರಮಗಳೇ. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಅಪಾಯ ಹೆಚ್ಚಿದ್ದ 276 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಕ್ರಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದವರ ಪೈಕಿ ಶೇಕಡಾ 55 ಮಂದಿಗೆ ಮೂತ್ರಪಿಂಡದ ಹಾನಿಯಾದರೆ, ಎಂದಿನ ಆರೈಕೆ ಪಡೆದವರಲ್ಲಿ ಶೇಕಡಾ 72 ಮಂದಿಗೆ ಆಗಿತ್ತು.

ಔಷಧದ ಹುಡುಕಾಟವೂ ನಿಂತಿಲ್ಲ. 3511 ರೋಗಿಗಳನ್ನು ಒಳಗೊಂಡು 2024ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ರಕ್ತನಾಳದ ಮೂಲಕ ಅಮೈನೋ ಆಮ್ಲಗಳನ್ನು ಕೊಟ್ಟಾಗ ಈ ಹಾನಿ ಶೇಕಡಾ 32ರಿಂದ 27ಕ್ಕೆ ಇಳಿಯಿತು. ಸಾವಿನ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ.

ಈ ಕಾವಲಿನಲ್ಲಿ ನಿಮ್ಮ ಪಾಲೂ ಉಂಟು. ಮನೆಯ ಹಿರಿಯರು ಇಂಥ ಚಿಕಿತ್ಸೆ ಮುಗಿಸಿ ಬಂದಾಗ, ಮೈಕೈ ನೋವೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದುಕೊಡುವ ಮೊದಲು ವೈದ್ಯರನ್ನು ಕೇಳಿ. ಅವುಗಳಲ್ಲಿ ಹಲವು ಮೂತ್ರಪಿಂಡಕ್ಕೆ ಶತ್ರುಗಳು.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದರು ನಮ್ಮ ಹಿರಿಯರು. ಡೋಪಮೈನ್ ಕೊಟ್ಟಾಗ ಚೀಲ ತುಂಬಿದ್ದು ಎಲ್ಲರ ಕಣ್ಣಿಗೂ ಕಂಡಿತ್ತು. ಪ್ರಮಾಣಿಸಿ ನೋಡಲು ಮೂರೂವರೆ ದಶಕ ಬೇಕಾಯಿತು. ನಾಳೆ ನೀವು ಯಾವ ಪ್ರಯೋಗಾಲಯದಲ್ಲೇ ನಿಂತರೂ ಈ ಮಾತು ನೆನಪಿರಲಿ.