ಬಿಸಿ ಗುರು (ಗ್ರಹವರ್ಗ)

ಬಿಸಿ ಗುರು ಎಂಬುದು ಸೂರ್ಯನಲ್ಲದ ಇತರ ನಕ್ಷತ್ರಗಳನ್ನು ಅತಿ ಸಮೀಪದಿಂದ ಸುತ್ತುವ ದೈತ್ಯ ಅನಿಲಗ್ರಹಗಳ ವರ್ಗ. ಇವುಗಳ ದ್ರವ್ಯರಾಶಿ ಗುರುಗ್ರಹದ್ದಕ್ಕೆ ಹೋಲಿಸುವಂತಿರುತ್ತದೆ. ಗುರುಗ್ರಹವು ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 12 ವರ್ಷ ತೆಗೆದುಕೊಂಡರೆ, ಇವುಗಳ ಪರಿಭ್ರಮಣಾವಧಿ ಸಾಮಾನ್ಯವಾಗಿ 10 ದಿನಗಳಿಗಿಂತ ಕಡಿಮೆ. ಗ್ರಹಗಳು ಹುಟ್ಟಿದ ಕಕ್ಷೆಯಲ್ಲಿಯೇ ಉಳಿಯುತ್ತವೆ ಎಂಬ ನಂಬಿಕೆಯನ್ನು ಇವುಗಳ ಆವಿಷ್ಕಾರವು ಬದಲಿಸಿತು.

ಆವಿಷ್ಕಾರ

ದೈತ್ಯ ಗ್ರಹಗಳು ನಕ್ಷತ್ರದ ತೀರ ಸಮೀಪದಲ್ಲಿಯೂ ಇರಬಹುದೆಂದು ಖಗೋಳ ವಿಜ್ಞಾನಿ ಒಟ್ಟೊ ಸ್ಟ್ರೂವ್ 1952ರಲ್ಲಿಯೇ ಸೂಚಿಸಿದ್ದರು. 1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕ್ವೆಲೊ ಅವರು 51 ಪೆಗಾಸಿ ಬಿ ಎಂಬ ಗ್ರಹವನ್ನು ಪತ್ತೆಹಚ್ಚಿದರು. ಗ್ರಹದ ಸೆಳೆತದಿಂದ ನಕ್ಷತ್ರದಲ್ಲಿ ಉಂಟಾಗುವ ಅಲ್ಪ ಓಲಾಟವನ್ನು ಅದರ ಬೆಳಕಿನ ರೋಹಿತದಲ್ಲಿ ಅಳೆದು ಈ ಶೋಧ ನಡೆಯಿತು. ಸುಮಾರು 50 ಜ್ಯೋತಿರ್ವರ್ಷ ದೂರದ ಈ ಗ್ರಹವು ತನ್ನ ನಕ್ಷತ್ರವನ್ನು 4.23 ದಿನಗಳಿಗೊಮ್ಮೆ ಸುತ್ತುತ್ತದೆ. ಈ ಶೋಧಕ್ಕಾಗಿ ಇಬ್ಬರಿಗೂ 2019ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಸಂದಿತು.

ಉಗಮ

ಎಳೆಯ ನಕ್ಷತ್ರದ ಸುತ್ತ ಅನಿಲ ಮತ್ತು ಧೂಳಿನ ತಟ್ಟೆಯೊಂದಿರುತ್ತದೆ. ನೀರು ಹಿಮವಾಗಿ ಉಳಿಯುವಷ್ಟು ತಂಪಾದ ಹೊರವಲಯದಲ್ಲಿ ಘನಪದಾರ್ಥ ಹೆಚ್ಚಾಗಿದ್ದು, ಅಲ್ಲಿ ಗ್ರಹದ ತಿರುಳು ಬೆಳೆಯುತ್ತದೆ. ತಿರುಳು ಭೂಮಿಯ ಸುಮಾರು 10 ಪಟ್ಟು ದ್ರವ್ಯರಾಶಿಯನ್ನು ತಲುಪಿದಾಗ ಸುತ್ತಲಿನ ಅನಿಲವನ್ನು ವೇಗವಾಗಿ ಸೆಳೆದುಕೊಳ್ಳುತ್ತದೆ. ತಟ್ಟೆಯ ಅನಿಲವು ಕೆಲವೇ ದಶಲಕ್ಷ ವರ್ಷಗಳಲ್ಲಿ ಚದುರಿಹೋಗುವುದರಿಂದ ಈ ಬೆಳವಣಿಗೆ ಅಷ್ಟರೊಳಗೆ ಮುಗಿಯಬೇಕು. ನಕ್ಷತ್ರದ ಸಮೀಪದಲ್ಲಿ ಇಂತಹ ತಿರುಳು ಬೆಳೆಯುವುದು ಕಷ್ಟ. ಆದುದರಿಂದ ಬಹುತೇಕ ಬಿಸಿ ಗುರುಗಳು ದೂರದಲ್ಲಿ ಹುಟ್ಟಿ ಒಳಗೆ ಸರಿದಿವೆ ಎಂಬುದು ಪ್ರಚಲಿತ ಅಭಿಪ್ರಾಯ.

ವಲಸೆ

ಗ್ರಹವು ಒಳಗೆ ಸರಿಯಲು ಮುಖ್ಯವಾಗಿ ಎರಡು ಮಾರ್ಗಗಳನ್ನು ಗುರುತಿಸಲಾಗಿದೆ. ಮೊದಲನೆಯದರಲ್ಲಿ ತಟ್ಟೆಯ ಅನಿಲದೊಂದಿಗಿನ ಗುರುತ್ವ ಸೆಳೆತದಿಂದ ಕಕ್ಷೆ ಕ್ರಮೇಣ ಕುಗ್ಗುತ್ತದೆ. ಎರಡನೆಯದರಲ್ಲಿ ಮತ್ತೊಂದು ಗ್ರಹ ಅಥವಾ ಜೊತೆನಕ್ಷತ್ರದ ಪ್ರಭಾವದಿಂದ ಕಕ್ಷೆ ನೀಳವಾಗಿ, ಬಳಿಕ ನಕ್ಷತ್ರದ ಉಬ್ಬರಬಲದಿಂದ ಕಿರಿದಾಗಿ ವೃತ್ತಾಕಾರ ತಾಳುತ್ತದೆ. ವಾಸ್ಪ್-17 ಬಿ ಗ್ರಹವು ತನ್ನ ನಕ್ಷತ್ರದ ಆವರ್ತನೆಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುವುದು ಎರಡನೆಯ ಮಾರ್ಗಕ್ಕೆ ಪುಷ್ಟಿ ನೀಡುತ್ತದೆ.

ವಿಕಾಸ

ಅನಿಲಗ್ರಹಗಳು ಕಾಲಕ್ರಮದಲ್ಲಿ ತಣಿದು ಕುಗ್ಗುತ್ತವೆ. ಆದರೆ ಅನೇಕ ಬಿಸಿ ಗುರುಗಳು ನಿರೀಕ್ಷೆಗಿಂತ ಉಬ್ಬಿವೆ. ಎಚ್‌ಡಿ 209458 ಬಿ ಗ್ರಹದ ದ್ರವ್ಯರಾಶಿ ಗುರುಗ್ರಹದ ಸುಮಾರು 0.7ರಷ್ಟಿದ್ದರೂ ತ್ರಿಜ್ಯವು ಸುಮಾರು 1.4 ಪಟ್ಟು ಇದೆ. ಅದರ ವಾಯುಮಂಡಲದಿಂದ ಹೈಡ್ರೋಜನ್ ಹೊರಹೋಗುತ್ತಿರುವುದೂ ಕಂಡುಬಂದಿದೆ. ವಾಸ್ಪ್-12 ಬಿ ಗ್ರಹದ ಪರಿಭ್ರಮಣಾವಧಿ ವರ್ಷಕ್ಕೆ ಸುಮಾರು 30 ಮಿಲಿಸೆಕೆಂಡಿನಷ್ಟು ಇಳಿಯುತ್ತಿದ್ದು, ಕೆಲವು ದಶಲಕ್ಷ ವರ್ಷಗಳಲ್ಲಿ ಅದು ತನ್ನ ನಕ್ಷತ್ರದಲ್ಲಿಯೇ ಲೀನವಾಗುವ ಸಂಭವವಿದೆ.

ಭಾರತೀಯ ಹೆಸರು

ಎಚ್‌ಡಿ 86081 ನಕ್ಷತ್ರಕ್ಕೆ ಭಾರತೀಯ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ಸ್ಮರಣಾರ್ಥ 'ಬಿಭಾ' ಎಂದೂ, ಅದನ್ನು ಸುಮಾರು 2.1 ದಿನಗಳಿಗೊಮ್ಮೆ ಸುತ್ತುವ ಬಿಸಿ ಗುರುವಿಗೆ 'ಸಂತಮಸ' ಎಂದೂ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 2019ರಲ್ಲಿ ಹೆಸರಿಸಿತು.