ಗೇನ್ ಮತ್ತು ವಾಲ್ಯೂಮ್: ಪುಣೆಯ ಮನೆಗಳಲ್ಲಿ

ಮನೆಯ ಧ್ವನಿವ್ಯವಸ್ಥೆಯಲ್ಲಿ ಗೇನ್ ಎಂದರೆ ಒಳಬಂದ ಸಂಕೇತವನ್ನು ಆಂಪ್ಲಿಫೈಯರ್ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಅಳತೆ. ವಾಲ್ಯೂಮ್ ಗುಂಡಿಯ ಕೆಲಸ ಬಹುತೇಕ ಇದಕ್ಕೆ ತದ್ವಿರುದ್ಧ: ಸಂಕೇತವನ್ನು ಬೇಕಾದಷ್ಟು ತಗ್ಗಿಸಿ ಮುಂದಕ್ಕೆ ಬಿಡುವುದು.

ಕುಂದಗೋಳದ ಗಾಯಕ ಸವಾಯಿ ಗಂಧರ್ವರ (1886–1952) ಕಾಲದ ಕೀಲಿ ಕೊಡುವ ಗ್ರಾಮಫೋನಿಗೆ ಎರಡೂ ಇರಲಿಲ್ಲ. ಸದ್ದು ಏರಬೇಕಾದರೆ ದಪ್ಪ ಮುಳ್ಳು, ಇಳಿಯಬೇಕಾದರೆ ತೆಳು ಮುಳ್ಳು. 1906ರ ವಿಕ್ಟ್ರೋಲಾ ಗ್ರಾಮಫೋನಿನಲ್ಲಿ ಸದ್ದು ಹೊರಬರುವ ಕಹಳೆಯನ್ನು ಪೆಟ್ಟಿಗೆಯೊಳಗೆ ಅಡಗಿಸಿದ್ದರು; ಸದ್ದು ಹೆಚ್ಚೆನಿಸಿದರೆ ಪೆಟ್ಟಿಗೆಯ ಬಾಗಿಲು ಮುಚ್ಚಿದರಾಯಿತು.

ವಾಲ್ವ್ ರೇಡಿಯೋ ಬಂದ ಮೇಲೆ ತೊಂದರೆಯೇ ಬೇರೆಯಾಯಿತು. ಹತ್ತಿರದ ಕೇಂದ್ರ ಕಿರುಚುತ್ತಿತ್ತು, ದೂರದ್ದು ಪಿಸುಗುಟ್ಟುತ್ತಿತ್ತು. 1925ರಲ್ಲಿ ಅಮೆರಿಕದ ಹೆರಾಲ್ಡ್ ವೀಲರ್ ಗೇನನ್ನು ತಾನಾಗಿಯೇ ಹೊಂದಿಸಿಕೊಳ್ಳುವ ಸರ್ಕ್ಯೂಟ್ ರೂಪಿಸಿದ. ಪುಣೆಯ ಮನೆಗಳಿಗೆ ‘ಹತ್ತಿರದ ಕೇಂದ್ರ’, ಅಂದರೆ ಊರಿನದೇ ಆಕಾಶವಾಣಿ, ಬಂದದ್ದು 1953ರಲ್ಲಿ. ಸವಾಯಿ ಗಂಧರ್ವರ ಶಿಷ್ಯ, ಗದುಗಿನ ಗಾಯಕ ಭೀಮಸೇನ ಜೋಶಿ, ಗುರುವಿನ ನೆನಪಿಗೆ ಪುಣೆಯಲ್ಲಿ ಸವಾಯಿ ಗಂಧರ್ವ ಮಹೋತ್ಸವ ಆರಂಭಿಸಿದ್ದೂ ಅದೇ ವರ್ಷ.

ಕಿವಿಯ ಸ್ವಭಾವವೂ ಇಲ್ಲಿ ಮುಖ್ಯ. ಸದ್ದು ಸಣ್ಣದಾದಷ್ಟೂ ಕೆಳಸ್ವರಗಳು ಬೇಗ ಮರೆಯಾಗುತ್ತವೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದರು. ವಾಲ್ಯೂಮ್ ತೀರಾ ಇಳಿಸಿ ಭೀಮಸೇನರ ಎಲ್‌ಪಿ ಕೇಳಿದರೆ ತಂಬೂರಿಯ ಖರ್ಜದ (ಅತಿ ಕೆಳಸ್ವರದ) ತಂತಿ ಮಸುಕಾಗುವುದು ಇದರಿಂದಲೇ. ಹಳೆಯ ಆಂಪ್ಲಿಫೈಯರುಗಳ ‘ಲೌಡ್‌ನೆಸ್’ ಗುಂಡಿ ಈ ಕೊರತೆ ತುಂಬಲೆಂದೇ ಇತ್ತು.

ಇನ್ನು ಗೇನಿನ ಮಾತು. ಎಲ್‌ಪಿಯ ಮುಳ್ಳು ಕೊಡುವುದು ಕೆಲವೇ ಮಿಲಿವೋಲ್ಟ್. 1982ರಲ್ಲಿ ಬಂದ ಸಿ.ಡಿ. ಪ್ಲೇಯರ್ ಕೊಡುವುದು ಸುಮಾರು 2 ವೋಲ್ಟ್. ಎರಡಕ್ಕೂ ಒಂದೇ ಗೇನ್ ಒಗ್ಗದು. ಆದ್ದರಿಂದ ಆಂಪ್ಲಿಫೈಯರಿನ ಹಿಂಬದಿಯಲ್ಲಿ ಎಲ್‌ಪಿಗೆ ಪ್ರತ್ಯೇಕ ‘ಫೋನೋ’ ಕಿಂಡಿ. ಗೇನ್ ಅತಿಯಾದರೆ ಗುಂಡಿ ಕೂದಲೆಳೆಯಷ್ಟು ತಿರುಗುವುದರೊಳಗೆ ಮನೆ ನಡುಗುತ್ತದೆ, ಹಾಡು ನಿಂತಾಗ ‘ಸ್ಸ್’ ಎಂಬ ಸದ್ದು ಉಳಿಯುತ್ತದೆ. ಮೊದಲ ಹಂತದಲ್ಲೇ ಸೀಳಿದ ಸ್ವರವನ್ನು ಮುಂದೆ ವಾಲ್ಯೂಮ್ ಇಳಿಸಿ ಸರಿಪಡಿಸಲಾಗದು.

ವಾಲ್ಯೂಮಿಗೆ ಕಾನೂನಿನ ಅಂಕೆಯೂ ಇದೆ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಬಯಲಿನಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಸಲ್ಲದು. ರಾತ್ರಿಯಿಡೀ ನಡೆಯುತ್ತಿದ್ದ ಸವಾಯಿ ಮಹೋತ್ಸವ ಸಂಜೆಗೆ ಸರಿದದ್ದು ಇದರಿಂದ. ಜನ ‘ಡಾಲ್ಬಿ’ ಎನ್ನುವ ಗಣೇಶೋತ್ಸವದ ಸ್ಪೀಕರ್ ಗೋಡೆಗಳಿಗೆ ಮಾತ್ರ ಈ ಅಂಕೆ ನಾಟಿದಂತಿಲ್ಲ. 2010ರ ತಿದ್ದುಪಡಿಯಿಂದ ಖಾಸಗಿ ಧ್ವನಿವ್ಯವಸ್ಥೆಯೂ ನಿಯಮದೊಳಗೆ ಬಂತು: ನಮ್ಮ ಜಾಗದ ಗಡಿಯಲ್ಲಿ ಅದರ ಸದ್ದು ಆ ಪ್ರದೇಶದ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು.