ಬರ, ಕೂಲಿ ಮತ್ತು ಕಾಲರಾ: ಬಳ್ಳಾರಿ ಸೀಮೆಯ ಒಂದು ಪಾಠ

ಅರಸೀಕೆರೆ ಹೋಬಳಿಯನ್ನೊಳಗೊಂಡ ಹರಪನಹಳ್ಳಿ ಹಾಗೂ ಅದರ ನೆರೆಯ ಕೂಡ್ಲಿಗಿ, ಹಡಗಲಿ ತಾಲ್ಲೂಕುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಮಳೆಯನ್ನೇ ನಂಬಿ ಜೋಳ, ನವಣೆ ಬೆಳೆಯುತ್ತಿದ್ದ ಈ ಸೀಮೆಯನ್ನು 1876ರಿಂದ 1878ರವರೆಗಿನ ಮಹಾಕ್ಷಾಮ ಬರಿದುಮಾಡಿತು. ಜನರ ನೆನಪಿನಲ್ಲಿ ಅದು ಧಾತು-ಈಶ್ವರ ಸಂವತ್ಸರಗಳ ಬರ. 1871 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಇಳಿಯಿತು. ಊರು ಬಿಟ್ಟವರು ಕೆಲವರು; ಸತ್ತವರು ಅನೇಕರು. ಸತ್ತವರೆಲ್ಲರನ್ನೂ ಹಸಿವೊಂದೇ ಕೊಲ್ಲಲಿಲ್ಲ. ಹಸಿವಿನ ಹಿಂದೆಯೇ ಕಾಲರಾ, ಭೇದಿ, ಜ್ವರಗಳು ಬಂದವು.

1877ರ ಆರಂಭದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಹಾಗೂ ಅಲ್ಪ ಹಣಕ್ಕೆ ಇಳಿಸಿದರು. ಮದ್ರಾಸಿನ ನೈರ್ಮಲ್ಯ ಆಯುಕ್ತ ಡಾ. ಕಾರ್ನಿಷ್ ಇದನ್ನು ವಿರೋಧಿಸಿದರು: ಕಲ್ಲು ಒಡೆದು ಮಣ್ಣು ಹೊರುವ ದೇಹಕ್ಕೆ ಕನಿಷ್ಠ ಒಂದೂವರೆ ಪೌಂಡು ಬೇಕು. ಕೆಲವು ತಿಂಗಳ ನಂತರ ಮದ್ರಾಸ್ ಸರ್ಕಾರ ಕೂಲಿಯನ್ನು ಹೆಚ್ಚಿಸಿತು.

ಕಾಲರಾದ ಬ್ಯಾಕ್ಟೀರಿಯವನ್ನು ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಬೇರ್ಪಡಿಸಿ ತೋರಿಸಿದ್ದು 1884ರಲ್ಲಿ. ಕಲುಷಿತ ನೀರಿನಿಂದ ಹೊಟ್ಟೆ ಸೇರುವ ಈ ಬ್ಯಾಕ್ಟೀರಿಯವನ್ನು ಜಠರದ ಆಮ್ಲ ಬಹುಮಟ್ಟಿಗೆ ಕೊಲ್ಲುತ್ತದೆ. ದೀರ್ಘಕಾಲ ಅನ್ನವಿಲ್ಲದವರಲ್ಲಿ ಆ ಆಮ್ಲವೇ ಕುಗ್ಗುತ್ತದೆ. ಕುಡಿಯುವ ನೀರು ಬತ್ತಿದ ಕುಂಟೆಯ ತಳದ್ದಾದರೆ, ರೋಗಕ್ಕೆ ಬಾಗಿಲು ಎರಡೂ ಕಡೆಯಿಂದ ತೆರೆದಂತೆ. ಕಾರ್ನಿಷರ ವಾದ ಅನ್ನದ ಲೆಕ್ಕ ಮಾತ್ರವಾಗಿರಲಿಲ್ಲ; ಅದು ಪ್ರಾಣದ ಲೆಕ್ಕವಾಗಿತ್ತು.

ಸಾಂಕ್ರಾಮಿಕ ರೋಗಗಳನ್ನು ದೈವಶಿಕ್ಷೆಯೆಂದು ಬೋಧಿಸಿದ ಪರಂಪರೆ ನಮ್ಮಲ್ಲೂ ಇದೆ. ಹುಟ್ಟುಕುರುಡನ ವಿಷಯದಲ್ಲಿ ಪಾಪ ಯಾರದೆಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ಆದರೆ ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರು ಬರೆದರು. ಈ ಎರಡನ್ನೂ ಜೊತೆಗಿಟ್ಟು ಓದಿದರೆ, 1877ರಲ್ಲಿ ಪಾಪವನ್ನು ಹುಡುಕಬೇಕಾದದ್ದು ರೋಗಿಯ ದೇಹದಲ್ಲಲ್ಲ, ಕಡಿತಗೊಂಡ ಆ ಅರ್ಧ ಪೌಂಡಿನಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

ಇಂದು ಉಪ್ಪು-ಸಕ್ಕರೆಯ ಜೀವಜಲ ಕಾಲರಾ ರೋಗಿಗಳಲ್ಲಿ ಬಹುಪಾಲು ಜನರನ್ನು ಉಳಿಸಬಲ್ಲದು. ಆದರೂ ಒಡೆದ ಕೊಳವೆಗೆ ಚರಂಡಿ ನೀರು ಸೇರುವ ಹಳ್ಳಿಯಲ್ಲಿ, ಒಂದು ದಿನದ ಕೂಲಿ ತಪ್ಪೀತೆಂದು ಆಸ್ಪತ್ರೆಗೆ ತಡವಾಗಿ ಹೋಗುವ ಬಡ ರೈತನಿಗೆ ಅಪಾಯ ತಪ್ಪಿಲ್ಲ. ಅಂಥ ಹಳ್ಳಿಗಳಿಗೆ ಸೇವೆಗೆ ತೆರಳುವ ನಾವು ರೋಗಿಗಾಗಿ ಪ್ರಾರ್ಥಿಸೋಣ. ಅವನು ಕುಡಿಯುವ ನೀರನ್ನೂ ಪಡೆಯುವ ಕೂಲಿಯನ್ನೂ ವಿಚಾರಿಸೋಣ. ಎರಡನೆಯದು ಗುರುಸೇವೆಯ ಹೊರಗಿನ ಕೆಲಸವಲ್ಲ.